ಕೈಗೆಟುಕದ ಕಿಂಡಿ

ಸೀಲಿಂಗ್ ಫ್ಯಾನು ತಿರುಗೋದು ಚಾವಣಿಯಲ್ಲಿ. ಅದರ ಸ್ವಿಚ್ಚು, ರೆಗ್ಯುಲೇಟರು ಇರೋದು ಬಾಗಿಲ ಪಕ್ಕದ ಗೋಡೆಯಲ್ಲಿ. ಇದರಲ್ಲೇನು ದೊಡ್ಡ ವಿಷಯ ಅಂತೀರಾ? ಯಂತ್ರ ಎಲ್ಲಾದರೂ ಇರಲಿ, ಅದನ್ನು ನಡೆಸುವ ಹಿಡಿ ಮಾತ್ರ ಕೈಗೆ ಸಿಗಬೇಕು ಅನ್ನೋದನ್ನ ಯಾವ ವೈರ್‌ಮನ್‌ಗೂ ಹೇಳಿಕೊಡಬೇಕಾಗಿಲ್ಲ. ಲಕ್ಷಾಂತರ ರೂಪಾಯಿ ಸುರಿದು ಕಟ್ಟುವ ಕ್ಯಾರವಾನ್‌ಗಳಲ್ಲಿ ಮಾತ್ರ ಈ ತಿಳಿವಳಿಕೆ ಕಾಣೋದಿಲ್ಲ.

ಮಲಗೋಕೆ ಹಾಸಿಗೆ, ಅಡುಗೆಗೆ ಒಲೆ ಎಲ್ಲಾ ಇರುವ ಈ ಗಾಡಿಗಳು ಈಗ ಬೆಂಗಳೂರಲ್ಲೂ ಬಾಡಿಗೆಗೆ ಸಿಗುತ್ತವೆ. ಚಾವಣಿಯಲ್ಲೊಂದು ಗಾಳಿಕಿಂಡಿ ಇರುತ್ತೆ. ಅಮೆರಿಕದ ಗಾಡಿಗಳಲ್ಲಿ 14 ಇಂಚು ಚದರದ್ದು ರೂಢಿ, ಯುರೋಪಿನಲ್ಲಿ 40 ಸೆಂಟಿಮೀಟರಿನದು. ಮೇಲೊಂದು ಮುಚ್ಚಳ, ಕೆಳಗೆ ಸೊಳ್ಳೆಪರದೆ, ಕೆಲವದರಲ್ಲಿ ನಡುವೆ ಫ್ಯಾನು. ಮುಚ್ಚಳ ಎತ್ತಲು ತಿರುಗಿಸಬೇಕಾದ ನಾಬು ಆ ಕಿಂಡಿಯ ಚೌಕಟ್ಟಿನಲ್ಲೇ, ಅಂದರೆ ತಲೆ ಮೇಲೆ. ಸಾಲದ್ದಕ್ಕೆ ಕೆಳಗಡೆ ಹಾಸಿಗೆಯೋ ಅಡುಗೆ ಕಟ್ಟೆಯೋ ಅಡ್ಡ.

ಈ ಕಿಂಡಿ ಶೋಕಿಗಲ್ಲ. ಬಿಸಿಗಾಳಿ ಮೇಲೇರುತ್ತೆ, ಹೊರಹೋಗೋಕೆ ದಾರಿ ಬೇಕು. ಚಿಕ್ಕ ಡಬ್ಬಿಯಂಥ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚಿದರೆ ಆವಿ, ಘಾಟು ತುಂಬಿಕೊಳ್ಳುತ್ತೆ. ಒಲೆ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡೂ ಸೇರುತ್ತೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹಾಗಾಗಿ ಕಿಂಡಿ ಯಾರ ಕೈಗೆ ಎಟುಕುತ್ತೆ ಅನ್ನೋದು ಬರೀ ಅನುಕೂಲದ ಪ್ರಶ್ನೆಯಲ್ಲ.

ನಮ್ಮದು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ, ಮಹಾಲಕ್ಷ್ಮಿ ದೇವಸ್ಥಾನದ ಊರು. ಅಲ್ಲಿ ಈಗ ನಮಗೆ ಮನೆಯಿಲ್ಲ. ಎರಡು ದಿನ ಇದ್ದು ಬರೋಣ ಅಂತ ಇಂಥದೇ ಒಂದು ಗಾಡಿ ಮಾಡಿಕೊಂಡು ಅಮ್ಮನನ್ನ ಕರೆದುಕೊಂಡು ಹೋಗಿದ್ದೆ. ಅಮ್ಮ ಐದಡಿಗೂ ಕಮ್ಮಿ. ಒಗ್ಗರಣೆ ಹಾಕಿದಾಗ ಒಂದು ಸಲ, ಬೆಳಗ್ಗೆ ಕಾಫಿಗೆ ಒಂದು ಸಲ, ನಡುರಾತ್ರಿ ಸೆಕೆಗೆ ಒಂದು ಸಲ, "ಮಗಾ, ಆ ಕಿಂಡಿ ಸ್ವಲ್ಪ ತೆಗಿಯೋ" ಅನ್ನಬೇಕಾಯ್ತು. ಎರಡನೇ ರಾತ್ರಿ ಕರೆಯಲಿಲ್ಲ. ಸೆರಗಿನಲ್ಲಿ ಗಾಳಿ ಬೀಸಿಕೊಳ್ತಾ ಎದ್ದು ಕೂತಿದ್ದಳು. ಮಗನ ನಿದ್ದೆ ಕೆಡಿಸೋಕೆ ಅವಳಿಗೆ ಸಂಕೋಚ. ನನಗೆ ಸಿಟ್ಟು ಬಂದದ್ದು ಅಲ್ಲಿ. ಒಂದು ನಾಬಿನ ಜಾಗ ತಪ್ಪಿದ್ದಕ್ಕೆ, ಗಾಳಿ ಬೇಕು ಅಂತ ಕೇಳೋಕೂ ದಾಕ್ಷಿಣ್ಯ ಪಡಬೇಕೇ?

ಇದೇ ಊರಿನ ನಮ್ಮ ಹಳೇ ಮಾಳಿಗೆ ಮನೆಯಲ್ಲಿ ಅಡುಗೆಮನೆ ಮೇಲೊಂದು ಬೆಳಕಿಂಡಿ ಇತ್ತು, ಮೇಲೆ ತಗಡು. ಮೂಲೆಯಲ್ಲಿ ಒಂದು ಬಿದಿರು ಗಳ ಒರಗಿರುತ್ತಿತ್ತು. ಬೆನ್ನು ಬಾಗಿದ್ದ ಅಜ್ಜಿ ಒಲೆ ಮುಂದೆ ನಿಂತಲ್ಲಿಂದಲೇ ಗಳದಲ್ಲಿ ತಗಡು ಸರಿಸುತ್ತಿದ್ದಳು. ಯಾರನ್ನೂ ಕರೀತಿರಲಿಲ್ಲ. ಬೆಂಗಳೂರಿನ ಹಳೇ ಬಂಗಲೆಗಳ ಎತ್ತರದ ವೆಂಟಿಲೇಟರುಗಳನ್ನ ನೋಡಿ: ನಡುವೆ ತಿರುಗುವ ಕಿಟಕಿ, ಕೆಳಗೆ ಇಳಿಬಿಟ್ಟ ಹಗ್ಗ. ಬಡವರ ಮನೆಗೂ ಸಾಹೇಬರ ಮನೆಗೂ ಹೊಳೆದ ಉಪಾಯ ಒಂದೇ.

ತಯಾರಕರ ಕಷ್ಟವೂ ಗೊತ್ತು. ಕಿಂಡಿ, ಮುಚ್ಚಳ, ನಾಬು ಎಲ್ಲಾ ಸೇರಿ ಒಂದೇ ಸೆಟ್ಟಾಗಿ ಬರುತ್ತೆ. ಚಾವಣಿ ಕೊರೆದು ಕೂರಿಸಿದರೆ ಕೆಲಸ ಮುಗೀತು. ಆದರೆ ಅದು ಕೂರಿಸುವವರ ಅನುಕೂಲ, ಬಳಸುವವರದ್ದಲ್ಲ. ಅಮೆರಿಕದಲ್ಲಿ ಕಟ್ಟಡಗಳಿಗಾಗಿ ಮಾಡಿರುವ 2010ರ ಎಡಿಎ ಮಾನದಂಡದ ಪ್ರಕಾರ, ಎದುರಿನಿಂದ ಕೈಚಾಚಿ ಬಳಸುವ ಸ್ವಿಚ್ಚು, ಹಿಡಿಗಳು ನೆಲದಿಂದ 48 ಇಂಚಿಗಿಂತ ಮೇಲಿರಬಾರದು. 20 ಇಂಚಿಗಿಂತ ಆಳದ ಕಟ್ಟೆ ಅಡ್ಡವಿದ್ದರೆ 44 ಇಂಚು. ಗಾಲಿಕುರ್ಚಿಯಲ್ಲಿ ಕೂತವರ ಕೈ ಎಲ್ಲಿಗೆ ಎಟುಕುತ್ತೆ ಅಂತ ನೋಡಿ ಮಾಡಿದ ಲೆಕ್ಕ ಅದು. ಗಾಡಿಯ ಚಾವಣಿ ಇದರಿಂದ ಎಷ್ಟು ದೂರ, ನೀವೇ ನೋಡಿ.

ಹಾಗಾದರೆ ರಿಮೋಟ್ ಕೊಟ್ಟರಾಯ್ತಲ್ಲ? ಅಂಥವೂ ಇವೆ. ರಿಮೋಟು ಹಾಸಿಗೆ ಸಂದಿಗೆ ಬೀಳುತ್ತೆ, ಸೆಲ್ಲು ಮುಗಿಯುತ್ತೆ. ಮೊಬೈಲ್ ಆ್ಯಪ್ ಮಾಡೋಣ ಅನ್ನೋರೂ ಇದ್ದಾರೆ. ಆ್ಯಪ್ ಬರೆಯೋದೇ ನನ್ನ ಹೊಟ್ಟೆಪಾಡು, ಆದರೂ ಹೇಳ್ತೀನಿ: ಗಾಳಿ ಬೇಕಾದವರು ಪಾಸ್‌ವರ್ಡ್ ಹುಡುಕುವಂತಾಗಬಾರದು. ಮೋಟಾರ್ ಇದ್ದರೆ ಒಲೆ ಪಕ್ಕ ಒಂದು, ಹಾಸಿಗೆ ಪಕ್ಕ ಒಂದು ಮಾಮೂಲಿ ಸ್ವಿಚ್ಚು ಕೊಡಿ. ಬ್ಯಾಟರಿ ಕೈಕೊಟ್ಟರೆ ಅಂತ, ನಾಬನ್ನ ಕಚ್ಚಿ ಹಿಡಿದು ತಿರುಗಿಸುವ ಬಟ್ಟಲಿನಂಥ ತಲೆಯಿರುವ ಹಗುರ ಕೋಲೊಂದು ಗೋಡೆಯ ಕ್ಲಿಪ್ಪಿನಲ್ಲಿರಲಿ. ಮೋಟಾರ್ ಇಲ್ಲದ ಗಾಡಿಗೆ ಆ ಕೋಲೇ ಸಾಕು. ಮಾವಿನಕಾಯಿ ಕೀಳೋ ದೋಟಿ ಕಂಡವರಿಗೆ ಇದೇನು ಹೊಸದಲ್ಲ.

ನೀವು ಗಾಡಿ ನೋಡೋಕೆ ಹೋಗುವಾಗ ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರೋರನ್ನ, ಮಂಡಿನೋವಿರೋರನ್ನ ಜೊತೆಗೆ ಕರೆದುಕೊಂಡು ಹೋಗಿ. ಒಲೆ ಮುಂದೆ ನಿಂತು, ಆಮೇಲೆ ಹಾಸಿಗೆ ಮೇಲೆ ಕೂತು, ಕಿಂಡಿ ತೆಗೆಯೋಕೆ ಹೇಳಿ. ಆಗದಿದ್ದರೆ ಮುಂಗಡ ಕೊಡೋ ಮುಂಚೆ ಮಾಲೀಕರಿಗೆ ಅಲ್ಲೇ ಹೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಹೋಗುವಷ್ಟರಲ್ಲಿ ಗೋಡೆಗೊಂದು ಕೋಲು ಬಂದಿರುತ್ತೆ.