ಒಂದೇ ಗಂಟಲು, ಎಂಟು ಪಾತ್ರ

ಡ್ರೀಮ್ ಥಿಯೇಟರ್ ಬ್ಯಾಂಡಿನ ಅಭಿಮಾನಿಗಳಲ್ಲಿ 2016ರ ಜನವರಿ 29ರಿಂದ ಈಚೆಗೆ ಎರಡು ಪಂಗಡ. ಅವತ್ತು ‘ದಿ ಅಸ್ಟಾನಿಶಿಂಗ್’ ಆಲ್ಬಂ ಹೊರಬಂತು. ಎರಡು ಸಿಡಿ, 34 ಟ್ರ್ಯಾಕು, 130 ನಿಮಿಷ. ಬ್ಯಾಂಡಿನ ಅತ್ಯಂತ ಧೈರ್ಯದ ಕೆಲಸ ಇದೇ ಅನ್ನೋದು ಒಂದು ಪಂಗಡ. ಇನ್ನೊಂದು ಪಂಗಡದವರು ಮೊದಲ ಸಿಡಿಯ ಅರ್ಧಕ್ಕೇ ಎದ್ದು ಹೋದವರು. ನಡುವೆ ನಿಂತು ಮಾತಾಡುವವರು ಸಿಗೋದು ಕಷ್ಟ. ನಮ್ಮ ಹಾಸ್ಟೆಲ್ ಗುಂಪಿನಲ್ಲಿ ಐದು ಜನ ಒಂದೇ ಹಾರ್ಡ್ ಡಿಸ್ಕಿನಿಂದ ಈ ಬ್ಯಾಂಡನ್ನು ಕಲಿತವರು. ಇವತ್ತಿಗೂ ಈ ಆಲ್ಬಮ್ಮಿನ ಮಾತು ಬಂದರೆ ಬಿಲ್ ಬರೋವರೆಗೂ ಜಗಳ ನಿಲ್ಲೋದಿಲ್ಲ. ಆ ಜಗಳದಲ್ಲಿ ಎರಡೂ ಕಡೆಯವರು ತಪ್ಪು ಜಾಗದಲ್ಲಿ ನಿಂತು ಹೊಡೆದಾಡುತ್ತಿದ್ದಾರೆ ಅನ್ನೋದು ನನ್ನ ವಾದ.

ಬ್ಯಾಂಡಿನ ಪರಿಚಯ ಇಲ್ಲದವರಿಗೆ ಎರಡು ಮಾತು. 1985ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ಹುಡುಗರು ಕಟ್ಟಿದ ತಂಡ ಇದು. ಗಿಟಾರಿಗೆ ಜಾನ್ ಪೆಟ್ರೂಚಿ, ಬಾಸಿಗೆ ಜಾನ್ ಮ್ಯಂಗ್, ಡ್ರಮ್ಸಿಗೆ ಮೈಕ್ ಪೋರ್ಟ್‌ನಾಯ್. ಹಾಡುವವನು ಜೇಮ್ಸ್ ಲಾಬ್ರಿ, ಆಮೇಲೆ ಬಂದವನು. 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಇವರಿಗೆ ಹೆಸರು ತಂದಿತು. 1999ರ ‘ಸೀನ್ಸ್ ಫ್ರಮ್ ಎ ಮೆಮೊರಿ’ ಪೂರ್ವಜನ್ಮದ ಕೊಲೆಯೊಂದರ ಕಥೆ. ಕಥೆ ಹೇಳುವ ಆಲ್ಬಂ ಅಂದರೆ ಹೀಗಿರಬೇಕು ಅಂತ ಅಭಿಮಾನಿಗಳು ಇವತ್ತಿಗೂ ಅಳತೆಗೋಲಾಗಿ ಹಿಡಿಯುವುದು ಅದನ್ನೇ. 2010ರಲ್ಲಿ ಪೋರ್ಟ್‌ನಾಯ್ ಬಿಟ್ಟುಹೋದ, ಮೈಕ್ ಮಂಜಿನಿ ಬಂದ. ‘ಅಸ್ಟಾನಿಶಿಂಗ್’ ಬಂದದ್ದು ಮಂಜಿನಿಯ ಕಾಲದಲ್ಲಿ.

ಕಥೆ ಪೂರ್ತಿ ಪೆಟ್ರೂಚಿಯದು. ಇಸವಿ 2285. ಅಮೆರಿಕ ಮತ್ತೆ ರಾಜರ ಕಾಲಕ್ಕೆ ಹೋಗಿದೆ, ಚಕ್ರವರ್ತಿಯ ಹೆಸರು ನಫಾರಿಯಸ್. ಮನುಷ್ಯರು ಹಾಡೋದನ್ನೇ ಮರೆತಿದ್ದಾರೆ. ಆಕಾಶದಲ್ಲಿ ತೇಲುವ ನೋಮ್ಯಾಕ್ ಎಂಬ ಯಂತ್ರಗಳು ಕರ್ಕಶ ಸದ್ದು ಮಾಡುತ್ತ ತಿರುಗುತ್ತವೆ, ಸಂಗೀತ ಅಂದರೆ ಅಷ್ಟೇ. ರೇವನ್‌ಸ್ಕಿಲ್ ಎಂಬ ಊರಲ್ಲಿ ಗೇಬ್ರಿಯಲ್ ಎಂಬ ಹುಡುಗನಿಗೆ ಮಾತ್ರ ಹಾಡುವ ವರ. ಅವನ ಅಣ್ಣ ಆರಿಸ್ ಬಂಡಾಯಗಾರರ ನಾಯಕ. ಹಾಡು ಕೇಳಿ ರಾಜಕುಮಾರಿ ಫೇಯ್ತ್ ಮನಸೋಲುತ್ತಾಳೆ, ರಾಜಕುಮಾರ ಡೇರಿಯಸ್ ಹೊಟ್ಟೆಕಿಚ್ಚಿನಿಂದ ಕುದಿಯುತ್ತಾನೆ. ಮುಂದಿನದನ್ನು ನೀವೇ ಊಹಿಸಬಹುದು. ಊಹಿಸಬಹುದು ಅನ್ನೋದೇ ಬೈಯುವವರ ಮೊದಲ ದೂರು.

ಎರಡನೇ ದೂರು ಉದ್ದ. ಮೂರನೆಯದು, ನಿಧಾನದ ಪಿಯಾನೋ ಹಾಡುಗಳು ಅತಿಯಾದವು, ಗಿಟಾರಿನ ಆರ್ಭಟ ಕಡಿಮೆಯಾಯಿತು. ನಮ್ಮ ಗುಂಪಿನ ಮಂಡ್ಯದ ಗೆಳೆಯ ಇದಕ್ಕಿಟ್ಟ ಹೆಸರು ‘ಡಿಸ್ನಿ ಥಿಯೇಟರ್’. ಇದರ ಮೇಲೆ 2016ರ ಪ್ರವಾಸದಲ್ಲಿ ಬ್ಯಾಂಡು ಇಡೀ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ನುಡಿಸಿತು, ಹಳೆಯ ಹಾಡು ಒಂದೂ ಇಲ್ಲ. ದುಡ್ಡು ಕೊಟ್ಟು ಬಂದವರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಹೊಗಳುವವರ ಉತ್ತರವೂ ಸಿದ್ಧವಿದೆ: ಡೇವಿಡ್ ಕ್ಯಾಂಪ್‌ಬೆಲ್ ಹೊಂದಿಸಿದ ವಾದ್ಯವೃಂದ ಕೇಳಿ, ಕೋರಸ್ ಕೇಳಿ, ಜೋರ್ಡನ್ ರೂಡೆಸ್‌ನ ಪಿಯಾನೋ ಕೇಳಿ, ತಾಳ್ಮೆಯಿಲ್ಲದ ಕಿವಿಗೆ ಇದು ದಕ್ಕೋದಿಲ್ಲ.

ಇಂಥ ಜಗಳ ಪ್ರಾಗ್ ರಾಕಿಗೆ ಹೊಸದಲ್ಲ. 1973ರಲ್ಲಿ ಯೆಸ್ ಬ್ಯಾಂಡು ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್’ ಅಂತ ನಾಲ್ಕೇ ಹಾಡುಗಳ ಜೋಡಿ ಎಲ್‌ಪಿ ತಂದಾಗಲೂ ಹೀಗೇ ಆಗಿತ್ತು. ಅವರ ಕೀಬೋರ್ಡಿನವ ರಿಕ್ ವೇಕ್‌ಮನ್‌ಗೇ ಅದು ಬೇಸರ ತಂದಿತ್ತು. ಒಂದು ಕಾರ್ಯಕ್ರಮದಲ್ಲಿ ಕೀಬೋರ್ಡಿನ ಮೇಲೇ ತಟ್ಟೆ ಇಟ್ಟುಕೊಂಡು ಇಂಡಿಯನ್ ಕರಿ ತಿಂದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಮರುವರ್ಷ ಬ್ಯಾಂಡೇ ಬಿಟ್ಟ.

ಉದ್ದವೂ ಗೊತ್ತಿರುವ ಕಥೆಯೂ ಒಂದು ಕೃತಿಯನ್ನು ಕೊಲ್ಲುತ್ತವೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೆ ರಾಮದುರ್ಗದ ಸುತ್ತಮುತ್ತಲ ಹಳ್ಳಿಯಲ್ಲಿ ಬೆಳೆದದ್ದು ವ್ಯರ್ಥ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಅಂತ ಆಟ ಇದೆ. ಕುಲಗೋಡ ತಮ್ಮಣ್ಣನ ಹೆಸರಿನ ಜೊತೆ ಬರುವ ಆಟ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹೆಸರು ಮಾಡಿದ್ದು ಇದರಲ್ಲೇ. ಕಥೆ ಎರಡು ಸಾಲಿನದು: ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡ್ತಾನೆ, ಸತ್ಯಭಾಮೆಗೆ ಸಿಟ್ಟು ಬರ್ತದೆ, ಅವಳನ್ನು ಸಮಾಧಾನ ಮಾಡಬೇಕು. ಇಷ್ಟಕ್ಕೆ ಇಡೀ ರಾತ್ರಿ. ಜಾತ್ರೆಯಲ್ಲಿ ಊಟ ಮುಗಿದ ಮೇಲೆ ಶುರುವಾದರೆ ಬೆಳ್ಳಿ ಮೂಡೋತನ. ಕೊನೆಗೆ ಏನಾಗ್ತದೆ ಅಂತ ಗೊತ್ತಿಲ್ಲದವರು ಕೂತವರಲ್ಲಿ ಒಬ್ಬರೂ ಇಲ್ಲ. ಆದರೂ ಯಾರೂ ಏಳೋದಿಲ್ಲ, ಎದ್ದರೂ ಚಹಾ ಕುಡಿದು ಬಂದು ಮತ್ತೆ ಅದೇ ಜಾಗದಲ್ಲಿ ಕೂಡ್ತಾರೆ. 130 ನಿಮಿಷ ಅಂದರೆ ನಮ್ಮಲ್ಲಿ ಸತ್ಯಭಾಮೆಗೆ ಸಿಟ್ಟು ಬರೋದೂ ಇಲ್ಲ, ಇನ್ನೂ ಮಾತು ನಡೆದಿರ್ತದೆ.

ಹಾಗಾದರೆ ‘ಅಸ್ಟಾನಿಶಿಂಗ್’ ಕೇಳುವಾಗ ನಲವತ್ತನೇ ನಿಮಿಷಕ್ಕೆ ಕೈ ಯಾಕೆ ಫೋನಿನ ಕಡೆ ಹೋಗ್ತದೆ?

ಎಂಟು ಪಾತ್ರಗಳಿಗೂ ಲಾಬ್ರಿ ಒಬ್ಬನದೇ ಗಂಟಲು. ಹುಡುಗ, ಅವನ ಅಣ್ಣ, ರಾಜಕುಮಾರಿ, ಮಹಾರಾಣಿ, ಎಲ್ಲರೂ ಅವನೇ. ಗಂಡಸು ರಾಜಕುಮಾರಿಯ ಪಾತ್ರ ಹಾಡಿದ್ದು ನನಗೆ ಅಡ್ಡಿಯೇ ಅಲ್ಲ. ಸೀರೆ ಉಟ್ಟು ಸ್ತ್ರೀಪಾತ್ರ ಮಾಡುವ ಗಂಡಸರನ್ನು ನೋಡಿ ಬೆಳೆದ ನಾಡು ಇದು. ತೊಂದರೆ ಬೇರೆ. ನಮ್ಮ ಆಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದರೆ ಭಾಗವತ ಅದನ್ನು ತಡೆದು ನಿಲ್ಲಿಸ್ತಾನೆ. ಯಾರು ನೀವು, ಎಲ್ಲಿಂದ ಬಂದಿರಿ, ಇಲ್ಲೇನು ಕೆಲಸ ಅಂತ ವಿಚಾರಿಸ್ತಾನೆ. ದೂತಿ ಬಂದರಂತೂ ಅವಳಿಗೂ ಭಾಗವತನಿಗೂ ಜಟಾಪಟಿ, ಜನ ಬಿದ್ದು ಬಿದ್ದು ನಗ್ತಾರೆ. ಪಾತ್ರ ಹಾಡಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಮತ್ತೆ ಹಾಡ್ತಾರೆ. ಹಾರ್ಮೋನಿಯಂ, ತಬಲಾ, ತಾಳ ಅದರ ಹಿಂದೆ. ಒಂದು ಪಾತ್ರಕ್ಕೆ ಎದುರಾಗಿ ಯಾವಾಗಲೂ ಇನ್ನೊಂದು ದನಿ ಇದ್ದೇ ಇರ್ತದೆ: ಪ್ರಶ್ನೆ ಕೇಳೋದು, ಕಿಚಾಯಿಸೋದು, ಹೌದ್ಹೌದು ಅನ್ನೋದು.

ಈ ಎದುರು ದನಿ ‘ಅಸ್ಟಾನಿಶಿಂಗ್’ನಲ್ಲಿ ಇಲ್ಲ. ಫೇಯ್ತ್ ಹಾಡಿದ ಮೇಲೆ ಗೇಬ್ರಿಯಲ್ ಹಾಡ್ತಾನೆ, ಅದು ಜಗಳವೂ ಅಲ್ಲ, ಸಂಭಾಷಣೆಯೂ ಅಲ್ಲ. ಒಬ್ಬನೇ ಮನುಷ್ಯ ಕನ್ನಡಿ ಮುಂದೆ ನಿಂತು ಎರಡೂ ಕಡೆ ಮಾತಾಡಿದ ಹಾಗೆ. ಲಾಬ್ರಿಗೆ ಸಾಮರ್ಥ್ಯ ಇಲ್ಲ ಅಂತಲ್ಲ. ‘ಲಾರ್ಡ್ ನಫಾರಿಯಸ್’, ‘ಥ್ರೀ ಡೇಸ್’ ಹಾಡುಗಳಲ್ಲಿ ಚಕ್ರವರ್ತಿಯ ದನಿಗೆ ಅವನು ಕೊಡುವ ಗತ್ತು, ಕೊಂಕು, ನಾಟಕೀಯ ಎಳೆತ ಕೇಳಿ. ಒಂದು ಕಡೆ ಟ್ಯಾಂಗೋ ನುಸುಳ್ತದೆ, ಇನ್ನೊಂದು ಕಡೆ ಕೊನೆಗೆ ಇದ್ದಕ್ಕಿದ್ದಂತೆ ಹಳೇ ಕಾಲದ ರ‍್ಯಾಗ್‌ಟೈಮ್ ಬ್ಯಾಂಡ್‌ಬಾಜಾ. ಆಲ್ಬಂ ನಗೋದು ಆಗ ಮಾತ್ರ. ಖಳನಾಯಕನಿಗೆ ಸಿಕ್ಕ ಜೀವ ಉಳಿದ ಏಳು ಜನರಿಗೆ ಸಿಗಲಿಲ್ಲ. ದೂತಿ ಇಲ್ಲದ ಪಾರಿಜಾತವನ್ನು ಊಹಿಸಿಕೊಳ್ಳಿ, ಅದು ಇದು. ಬಿಡುಗಡೆಗೆ ಮುಂಚೆ ಬ್ಯಾಂಡು ಪಾತ್ರಗಳ ಚಿತ್ರ, ರಾಜ್ಯದ ನಕಾಶೆ ಎಲ್ಲ ಹಂಚಿತ್ತು. ಭಾಗವತ ಮಾಡಬೇಕಾದ ಕೆಲಸವನ್ನು ನಕಾಶೆಗೆ ವಹಿಸಿದರು ಅಂತ ಕಾಣ್ತದೆ.

ಇಷ್ಟು ಹೇಳಿಯೂ ನಾನು ಹೊಗಳುವವರ ಪಂಗಡಕ್ಕೆ ಒಂದು ಕಾಲು ಇಡೋದು ಎರಡನೇ ಸಿಡಿಯ ಒಂದು ಹಾಡಿಗಾಗಿ: ‘ಹಿಮ್ ಆಫ್ ಎ ಥೌಸಂಡ್ ವಾಯ್ಸಸ್’. ಕಥೆಯಲ್ಲಿ ಆ ಹೊತ್ತಿಗೆ ಗೇಬ್ರಿಯಲ್ ಚೀರಿ ಚೀರಿ ತನ್ನ ದನಿಯನ್ನೇ ಕಳೆದುಕೊಂಡಿದ್ದಾನೆ, ಫೇಯ್ತ್ ಸಾಯುತ್ತಿದ್ದಾಳೆ. ಆಗ ಇಡೀ ಊರು ಒಟ್ಟಾಗಿ ಹಾಡಿ ಅವನಿಗೆ ದನಿ ತಂದುಕೊಡ್ತದೆ. ಹಾಡಲಾರದವನ ಸಾಲನ್ನು ಹಿಂದಿನವರು ಎತ್ತಿಕೊಳ್ಳೋದು ಹಿಮ್ಮೇಳವಲ್ಲದೆ ಇನ್ನೇನು? ಪೆಟ್ರೂಚಿಗೆ ಹಿಮ್ಮೇಳದ ಬೆಲೆ ಗೊತ್ತಿತ್ತು. ಮೂವತ್ತು ಹಾಡು ಆದ ಮೇಲೆ ನೆನಪಾಯಿತು, ಅಷ್ಟೇ.

ಇನ್ನು ಕಥೆಯ ಮಾತು. ಕಥೆ ಸರಳ ಅನ್ನುವವರು ‘ಮೊಮೆಂಟ್ ಆಫ್ ಬಿಟ್ರೇಯಲ್’ ಮತ್ತು ‘ದ ಪಾತ್ ದಟ್ ಡಿವೈಡ್ಸ್’ ಹಾಡುಗಳನ್ನು ಇನ್ನೊಮ್ಮೆ ಕೇಳಬೇಕು. ಡೇರಿಯಸ್ ಆರಿಸ್‌ನ ಮಗನನ್ನು ಹೊತ್ತೊಯ್ದಿದ್ದಾನೆ. ಮಗ ಬೇಕಾದರೆ ತಮ್ಮನನ್ನು ಒಪ್ಪಿಸಬೇಕು. ಆಲ್ಬಮ್ಮಿನಲ್ಲಿ ನಿಜವಾದ ಇಕ್ಕಟ್ಟು ಅಂತ ಇರೋದು ಇದೊಂದೇ, ಸಂಗೀತವೂ ಇಲ್ಲಿ ಬಿಗಿಯಾಗ್ತದೆ, ಗಿಟಾರಿಗೆ ಕೊನೆಗೂ ಸಿಟ್ಟು ಬರ್ತದೆ. ಆದರೆ ಕಟ್ಟಕಡೆಯ ಗಳಿಗೆಯಲ್ಲಿ ಆರಿಸ್ ಮನಸ್ಸು ಬದಲಿಸಿ ಒಳ್ಳೆಯವನಾಗಿ, ಡೇರಿಯಸ್‌ನ ಕೈಯಲ್ಲಿ ಸಾಯ್ತಾನೆ. ದ್ರೋಹ ನಡೆಯುವುದೇ ಇಲ್ಲ.

ರಾಮದುರ್ಗದಿಂದ ಬೈಲಹೊಂಗಲ ಬಹಳ ದೂರವಿಲ್ಲ. ಅಲ್ಲೇ ನಡೆದದ್ದೆಂದು ಜನ ನಂಬುವ ಕಥೆ ‘ಸಂಗ್ಯಾ ಬಾಳ್ಯಾ’, ನಮ್ಮ ಸಣ್ಣಾಟಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಸಂಗ್ಯಾ ಈರಣ್ಣನ ಹೆಂಡತಿ ಗಂಗಿಯನ್ನು ಮೆಚ್ಚಿದ, ವಿಷಯ ಈರಣ್ಣನ ಮನೆಗೆ ತಿಳಿಯಿತು. ಸಂಗ್ಯಾನನ್ನು ಕೊಲ್ಲುವವರ ಕೈಗೆ ತಂದುಕೊಟ್ಟವನು ಜೀವದ ಗೆಳೆಯ ಬಾಳ್ಯಾ, ಆಸೆಗೆ ಬಿದ್ದು. ಆ ಆಟ ಬಾಳ್ಯಾನನ್ನು ಉಳಿಸಲಿಕ್ಕೆ ಹೋಗೋದಿಲ್ಲ. ಹೆಸರಿನಲ್ಲೇ ಇಬ್ಬರನ್ನೂ ಜೋಡಿಸಿಟ್ಟಿದೆ, ಕೊಂದವನನ್ನೂ ಸತ್ತವನನ್ನೂ ಬೇರೆ ಮಾಡಿ ಕರೆಯೋದೇ ಸಾಧ್ಯವಿಲ್ಲದ ಹಾಗೆ. ಎರಡೂ ಆಟಗಳ ಕಥೆ ಸರಳವೇ. ಆದರೆ ಸಣ್ಣಾಟ ಕಟ್ಟಿದವನು ಪ್ರೇಕ್ಷಕನ ಹೊಟ್ಟೆಯಲ್ಲಿ ಸಂಕಟ ಇಟ್ಟು ಮನೆಗೆ ಕಳಿಸ್ತಾನೆ. ಪೆಟ್ರೂಚಿಗೆ ಅಷ್ಟು ಕ್ರೂರ ಆಗೋದು ಆಗಲಿಲ್ಲ, ಪ್ರತಿ ಪಾತ್ರವನ್ನೂ ಕ್ಷಮಿಸುವ ಅವಸರ ಅವನಿಗೆ. ಕೊನೆಗೆ ನಫಾರಿಯಸ್‌ಗೂ ಕ್ಷಮೆ. ‘ಸೀನ್ಸ್ ಫ್ರಮ್ ಎ ಮೆಮೊರಿ’ಯನ್ನು ಎರಡೂ ಪಂಗಡದವರು ಒಪ್ಪೋದು ಯಾಕೆ? ಅಲ್ಲಿ ಕೊಲೆ ಕೊಲೆಯಾಗಿಯೇ ಉಳೀತದೆ.

ಇನ್ನು ನೋಮ್ಯಾಕ್. ಹಾಡುಗಳ ನಡುವೆ ಐದು ಕಡೆ ಈ ಯಂತ್ರಗಳ ಸದ್ದು ಬರ್ತದೆ: ಗರಗರ, ಕಿರಕಿರ, ಡಯಲ್‌ಅಪ್ ಮೋಡೆಮ್ ಸತ್ತಂತೆ. ಎರಡೂ ಪಂಗಡದವರು ಒಮ್ಮತದಿಂದ ಸ್ಕಿಪ್ ಮಾಡುವ ಟ್ರ್ಯಾಕುಗಳು ಇವು. ನನಗೆ ಮಾತ್ರ ಆಲ್ಬಮ್ಮಿನ ದೊಡ್ಡ ಸೋಲು ಇಲ್ಲೇ ಕಾಣೋದು, ಬೇಸರದ ಕಾರಣಕ್ಕಲ್ಲ. ಯಂತ್ರದ ಸಂಗೀತ ಕಿವಿಗೆ ಕೆಟ್ಟದಾಗಿರ್ತದೆ ಅಂತ ಪೆಟ್ರೂಚಿ ನಂಬಿಬಿಟ್ಟ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳಿದವರು ಯಾರೂ ಹಾಗೆ ಅಂದುಕೊಳ್ಳೋದಿಲ್ಲ. ಯಂತ್ರಕ್ಕೆ ಒಂದು ಲಯ ಇರ್ತದೆ, ಅದಕ್ಕೆ ಮನುಷ್ಯ ಒಗ್ಗಿಕೊಳ್ತಾನೆ. ಅಪಾಯವೇನಾದರೂ ಇದ್ದರೆ ಆ ಒಗ್ಗಿಕೊಳ್ಳೋದರಲ್ಲಿ.

2016ರಲ್ಲಿ ಇದು ಮಕ್ಕಳ ಕಾಮಿಕ್ಸಿನ ಕಲ್ಪನೆ ಅಂತ ನಗಾಡಿದ್ದರು. ಈಗ ಸುನೋ, ಉಡಿಯೋ ಇವೆ. ಎರಡು ಸಾಲು ಟೈಪ್ ಮಾಡಿದರೆ ಪೂರ್ತಿ ಹಾಡು, ಗಾಯಕನ ದನಿ ಸಮೇತ. ದೊಡ್ಡ ರೆಕಾರ್ಡ್ ಕಂಪನಿಗಳು 2024ರಲ್ಲಿ ಇವುಗಳ ಮೇಲೆ ಕೇಸ್ ಹಾಕಿದವು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರು ಟೀಮ್ ಲಂಚಿನಲ್ಲಿ, ಮ್ಯಾನೇಜರ್ ಬರ್ತ್‌ಡೇಗೆ ಇಂಥ ಹಾಡು ಮಾಡಿ ಚಪ್ಪಾಳೆ ತಟ್ಟಿದ್ದೂ ಆಗಿದೆ. ಆ ಹಾಡುಗಳಲ್ಲಿ ಗರಗರ, ಕಿರಕಿರ ಏನೂ ಇಲ್ಲ. ಹಿತವಾಗಿವೆ, ಶ್ರುತಿ ತಪ್ಪಿಲ್ಲ, ಯಾರನ್ನೂ ಎದುರಿಸೋದಿಲ್ಲ. ನಿಜವಾದ ನೋಮ್ಯಾಕ್ ಹೀಗಿರ್ತದೆ. ಆಲ್ಬಮ್ಮಿನಲ್ಲಿ ಒಂದೇ ಒಂದು ನೋಮ್ಯಾಕ್ ಟ್ರ್ಯಾಕು ಇಂಪಾಗಿದ್ದು, ಗೇಬ್ರಿಯಲ್‌ನ ಹಾಡಿಗಿಂತ ಒಂದು ಕೈ ಮೇಲಾಗಿದ್ದರೆ, ಊರವರು ಯಾವುದನ್ನು ಆರಿಸ್ತಾರೆ ಅನ್ನೋ ಪ್ರಶ್ನೆಗೆ ನಮ್ಮ ಬೆನ್ನು ಚುರುಗುಟ್ಟುತ್ತಿತ್ತು. ಸದ್ದಿಗೂ ಸಂಗೀತಕ್ಕೂ ನಡುವೆ ಆರಿಸು ಅಂದರೆ ಯಾರು ಬೇಕಾದರೂ ಆರಿಸ್ತಾರೆ. ಇದರ ಮೇಲೆ, ಮನುಷ್ಯನ ಸಂಗೀತವನ್ನು ಹೊಗಳುವ ಈ ಆಲ್ಬಮ್ಮಿನಲ್ಲೇ ಮಂಜಿನಿಯ ಸ್ನೇರ್ ಡ್ರಮ್ಮಿನ ಸದ್ದು ಯಂತ್ರದ ಹಾಗೆ ಸಪಾಟಾಗಿದೆ ಅಂತ ಬೈಯುವವರ ಪಂಗಡದ ದೂರು. ಅದು ಮಂಜಿನಿಯ ಕೈಯ ತಪ್ಪಲ್ಲ, ಮಿಕ್ಸಿಂಗಿನದು ಅಂತ ನನ್ನ ಕಿವಿ ಹೇಳ್ತದೆ. ದೂರು ಮಾತ್ರ ಸುಳ್ಳಲ್ಲ.

ಮುಂದಿನ ಆಲ್ಬಂ 2019ರ ‘ಡಿಸ್ಟೆನ್ಸ್ ಓವರ್ ಟೈಮ್’ ಒಂದು ಗಂಟೆಗೂ ಕಡಿಮೆ, ಕಥೆ ಇಲ್ಲ, ಬಿಗಿಯಾದ ಹಾಡುಗಳು. ಬೈದವರು ಗೆದ್ದೆವು ಅಂದರು. 2023ರಲ್ಲಿ ಪೋರ್ಟ್‌ನಾಯ್ ವಾಪಸ್ ಬಂದ ಮೇಲಂತೂ ‘ಅಸ್ಟಾನಿಶಿಂಗ್’ ಅನ್ನು ಕುಟುಂಬದ ಫೋಟೋದಿಂದ ಕತ್ತರಿಸಿದ ಹಾಗೆ ಮಾತಾಡ್ತಾರೆ. ಅದು ಅನ್ಯಾಯ. ಮೂವತ್ತು ವರ್ಷ ಹಳೆಯ ಬ್ಯಾಂಡು ತನ್ನ ಗ್ರಾಹಕರಿಗೆ ಬೇಡದ್ದನ್ನು ಎರಡು ಗಂಟೆ ಹತ್ತು ನಿಮಿಷ ಕೊಡೋದಕ್ಕೆ ಎದೆ ಬೇಕು. ನಾವು ಕೆಲಸ ಮಾಡುವ ಕಂಪನಿಗಳಲ್ಲಿ ಅಂಥ ಎದೆಗಾರಿಕೆ ಕಂಡವರು ಕೈ ಎತ್ತಿ.

ಹೊಸದಾಗಿ ಕೇಳುವವರು ಮೊದಲಿಂದ ಶುರು ಮಾಡಬೇಡಿ. ‘ಎ ನ್ಯೂ ಬಿಗಿನಿಂಗ್’ ಹಾಡಿನ ಕೊನೆಯಲ್ಲಿ ಪೆಟ್ರೂಚಿಯ ಗಿಟಾರ್ ಕೇಳಿ, ಆಮೇಲೆ ‘ಥ್ರೀ ಡೇಸ್’, ಆಮೇಲೆ ‘ಮೊಮೆಂಟ್ ಆಫ್ ಬಿಟ್ರೇಯಲ್’. ಕೊನೆಯ ಹಾಡಿನ ಹಿಂದಿರುವ ‘ಪವರ್ ಡೌನ್’ ಅನ್ನು ಬಿಟ್ಟರೂ ನಡೀತದೆ. ಜಗತ್ತಿನ ನೋಮ್ಯಾಕ್‌ಗಳೆಲ್ಲ ಒಮ್ಮೆಗೇ ಬಂದ್ ಆಗುವ ಟ್ರ್ಯಾಕು ಅದು, ಒಂದೂವರೆ ನಿಮಿಷ. ನಮ್ಮ ಆಫೀಸಿನಲ್ಲಿ ಒಂದು ಹಳೇ ಸರ್ವರ್ ಬಂದ್ ಮಾಡಲಿಕ್ಕೂ ನಾಲ್ಕು ಜನರ ಅಪ್ರೂವಲ್ ಬೇಕು ರೀ.