ಗೋಡೆಯ ಮೇಲಿನ ಗೆರೆ

ತಿರುಪ್ಪೂರಿನಿಂದ ಪಲ್ಲಡಂ ಕಡೆಗೆ ರಾತ್ರಿ ಹತ್ತರ ಮೇಲೆ ಕಾರು ಓಡಿಸಿದವರಿಗೆ ಗೊತ್ತು, ಆ ಕತ್ತಲೆಯ ತುಂಬ ಜನ. ಬನಿಯನ್ ಕಂಪನಿಗಳ ಪಾಳಿ ಆಗಷ್ಟೇ ಬಿಟ್ಟಿರುತ್ತದೆ. ಟಾರಿನ ಅಂಚು ಹಿಡಿದು ರೂಮಿಗೆ ನಡೆದು ಹೋಗುವ ಹುಡುಗರು, ಹಿಂದೆ ಕೆಂಪು ಗಾಜೇ ಇಲ್ಲದ ಸೈಕಲ್ಲು, ಬಟ್ಟೆಯ ಮೂಟೆ ಹೊತ್ತ ಟಿವಿಎಸ್ ಎಕ್ಸೆಲ್. ನಮ್ಮ ಕಾರಿನ ದೀಪ ತೋರಿಸಬೇಕಾದದ್ದು ಇವರನ್ನು. ಇವರೆಲ್ಲ ಇರುವುದು ರಸ್ತೆಯ ಎಡ ಅಂಚಿನಲ್ಲಿ. ದೀಪ ಇವರ ಕಾಲು ಸೊಂಟಗಳನ್ನು ಮೊದಲೇ ಹಿಡಿದುಕೊಟ್ಟರೆ ಸಾಕು. ಬಲ್ಬು ಬದಲಿಸುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಹೊಸ ಬಲ್ಬಿನ ಬೆಳಕು ಎಲ್ಲಿ ಬೀಳುತ್ತದೆ?

ಬಿಡಿಭಾಗದ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಅಲ್ಲಿ ಮಾತೆಲ್ಲ ವ್ಯಾಟಿನದು, ಬಿಳುಪಿನದು. 'ಸಾರ್, 100/90 ಹಾಕಿಸಿ, ಹಗಲಿನ ಹಾಗೆ ಕಾಣುತ್ತೆ' ಎನ್ನುತ್ತಾರೆ. ಆಲ್ಟೊ, ವ್ಯಾಗನ್‌ಆರ್ ಮೊದಲಾದ ಕಾರುಗಳಲ್ಲಿ ಇರುವುದು ಎಚ್4 ಬಲ್ಬು. ಅದರ ಅಳತೆ 60/55 ವ್ಯಾಟ್: ಹೈ ಬೀಮಿಗೆ 60, ಡಿಮ್ಮಿಗೆ 55. ಎರಡು ಬಲ್ಬು ಸೇರಿ ಹೈ ಬೀಮಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನ ಜೋಡಿ ಹಾಕಿದರೆ ಅದು ಹತ್ತಿರಹತ್ತಿರ 17 ಆಂಪಿಯರ್ ಆಗುತ್ತದೆ. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕಾರ್ಖಾನೆಯಲ್ಲಿ ಹಾಕಿದ ಅದೇ ತೆಳು ವೈರು ಈಗ ಎರಡೂಮುಕ್ಕಾಲು ಪಟ್ಟು ಬಿಸಿ ತಡೆಯಬೇಕು. ಮೊದಲು ಕಂದಾಗುವುದು ಬಲ್ಬಿನ ಹಿಂದಿನ ಹೋಲ್ಡರ್, ಆಮೇಲೆ ಸ್ಟಿಯರಿಂಗ್ ಪಕ್ಕದ ಸ್ವಿಚ್ಚು. ಒಳಗಿನ ರಿಫ್ಲೆಕ್ಟರಿನ ಹೊಳೆಯುವ ಲೇಪ ಮಂಕಾಗುತ್ತದೆ. ಆರು ತಿಂಗಳಲ್ಲಿ ಬೆಳಕು ಮೊದಲಿಗಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ. ಫ್ಯೂಸ್ ಪದೇಪದೇ ಹೋಗುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಿಸಿಕೊಂಡರಂತೂ ಬೆಂಕಿಗೆ ದಾರಿ ಬಿಟ್ಟಂತೆಯೇ.

ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಬೇಕು, ಗಾಜು ಮುಟ್ಟದೆ. ಒಳಗೆ ಎರಡು ತಂತಿ. ಮುಂದಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಡಿಮ್ ಹಾಕಿದಾಗ ಹೊತ್ತುವುದು ಆ ತಂತಿ. ಬಟ್ಟಲು ಅದರ ಬೆಳಕು ಕೆಳಕ್ಕೆ ಹೋಗದಂತೆ ತಡೆದು ರಿಫ್ಲೆಕ್ಟರಿನ ಮೇಲ್ಭಾಗಕ್ಕೆ ಮಾತ್ರ ಕಳಿಸುತ್ತದೆ. ಅಲ್ಲಿಂದ ಹೊರಳಿದ ಬೆಳಕು ರಸ್ತೆಯ ಮೇಲೆ ಬೀಳುತ್ತದೆ, ಎದುರಿನವನ ಕಣ್ಣಿಗೆ ಏರುವುದಿಲ್ಲ. 1971ರಲ್ಲಿ ಬಂದ ಈ ವಿನ್ಯಾಸ ಇಂದಿಗೂ ಓಡುತ್ತಿದೆ. ಕೊಯಮತ್ತೂರಿನ ಅವಿನಾಶಿ ರಸ್ತೆಯ ಗೆಡೀ ಕಾರ್ ಮ್ಯೂಸಿಯಂಗೆ ಹೋದಾಗಲೆಲ್ಲ ನಾನು ಎಂಜಿನ್ನಿಗಿಂತ ದೀಪಗಳ ಎದುರೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಆ ಹಳೆಯ ದುಂಡು ದೀಪಗಳಿಂದ ಹಿಡಿದು ಇಲ್ಲಿಯವರೆಗೆ ದೀಪ ಮಾಡುವವರು ಪಟ್ಟ ಪಾಡೆಲ್ಲ ಒಂದೇ: ಕಾಣಬೇಕು, ಕುಕ್ಕಬಾರದು. ಆ ಪುಟ್ಟ ಬಟ್ಟಲಿನಷ್ಟು ಜಾಣ ಉತ್ತರವನ್ನು ನಾನು ಬೇರೆ ಕಂಡಿಲ್ಲ.

ಹ್ಯಾಲೊಜೆನ್ ದೀಪದೊಳಕ್ಕೆ ಎಲ್‌ಇಡಿ ಬಲ್ಬು ತುರುಕುವುದಕ್ಕೆ ನನ್ನ ವಿರೋಧ ಇರುವುದೂ ಇದರಿಂದಲೇ. ರಿಫ್ಲೆಕ್ಟರಿನ ಪ್ರತಿಯೊಂದು ಬಾಗನ್ನೂ ತಂತಿ ಇಂಥ ಜಾಗದಲ್ಲೇ ಇರುತ್ತದೆ ಎಂಬ ಲೆಕ್ಕದ ಮೇಲೆ ಎರೆದಿರುತ್ತಾರೆ. ಆ ಲೆಕ್ಕ ಮಿಲಿಮೀಟರಿನ ಭಾಗಗಳದು. ತಂತಿ ಸುತ್ತಲೂ ಬೆಳಗುತ್ತದೆ, ಎಲ್‌ಇಡಿ ಚಿಪ್ಪು ಎರಡು ಪಕ್ಕಕ್ಕೆ ಮಾತ್ರ. ಜಾಗವೂ ಆಕಾರವೂ ಬದಲಾದರೆ ಬೆಳಕು ಚದುರುತ್ತದೆ: ಕಾರಿನ ಮುಂದೆ ಹತ್ತಡಿಯಲ್ಲಿ ಬೆಳ್ಳಗೆ ಹೊಳೆಯುವ ಚೌಕ, ಐವತ್ತು ಮೀಟರಿನಾಚೆ ಕತ್ತಲೆ, ಉಳಿದದ್ದು ಎದುರಿನವನ ಮುಖಕ್ಕೆ. ಹತ್ತಿರದ ನೆಲ ಹೊಳೆದಷ್ಟೂ ಕಣ್ಣಿನ ಪಾಪೆ ಕುಗ್ಗಿ ದೂರದ್ದು ಇನ್ನೂ ಕಾಣದಾಗುತ್ತದೆ. ಆದರೂ ಓಡಿಸುವವನಿಗೆ 'ಬೆಳಕು ಜೋರಾಗಿದೆ' ಅನ್ನಿಸುತ್ತದೆ. ಅಪಾಯ ಇರುವುದು ಆ ಅನ್ನಿಸಿಕೆಯಲ್ಲಿ. ಜರ್ಮನಿಯಲ್ಲಿ 2020ರಿಂದ ಓಸ್ರಾಮ್ ಕಂಪನಿಯ ಎಲ್‌ಇಡಿ ಬದಲಿ ಬಲ್ಬಿಗೆ ಅನುಮತಿ ಇದೆ, ನಿಜ. ಆದರೆ ಅದು ಒಂದೊಂದು ಮಾದರಿಯ ಕಾರಿನ ದೀಪದಲ್ಲೂ ಪರೀಕ್ಷೆ ಮಾಡಿ, ಆ ಮಾದರಿಗೆ ಮಾತ್ರ ಕೊಟ್ಟ ಅನುಮತಿ. 'ಎಲ್ಲ ಕಾರಿಗೂ ಆಗುತ್ತೆ' ಎಂಬ ಡಬ್ಬಿಗೆ ಅಂಥ ಪರೀಕ್ಷೆಯ ಬೆನ್ನಿಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಂದಿಗೆ ಬಂದ ಕಾರಿನ ಮಾತು ಬೇರೆ. ಅದರ ರಿಫ್ಲೆಕ್ಟರೂ ಲೆನ್ಸೂ ಆ ಚಿಪ್ಪಿಗೆಂದೇ ಹುಟ್ಟಿದವು.

ಕಾನೂನು ಕೂಡ ಕಣ್ಣು ಕುಕ್ಕುವುದನ್ನು ಅಳೆದೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಒಬ್ಬರನ್ನು ಅಲ್ಲಿ ನಿಲ್ಲಿಸಿ ಕೇಳಿದರೆ ಆಯಿತು. ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿರುವುದನ್ನೂ ನೆನಪಿಡಿ.

ಹಾಗಾದರೆ ಬೆಳಕು ಹೆಚ್ಚಿಸಿಕೊಳ್ಳುವುದು ಹೇಗೆ? ಬಲ್ಬಿನಿಂದ ಶುರು ಮಾಡಬೇಡಿ. ಈ ಊರಿನ ಬಿಸಿಲಿನಲ್ಲಿ ನಿಂತೂ ನಿಂತೂ ದೀಪದ ಮುಂದಿನ ಪ್ಲಾಸ್ಟಿಕ್ ಹಳದಿಗಟ್ಟಿರುತ್ತದೆ. ಅಮೆರಿಕದ ಮೋಟಾರು ಸಂಘ ಎಎಎ 2018ರಲ್ಲಿ ಪರೀಕ್ಷಿಸಿದಾಗ, ಹೀಗೆ ಹಳದಿಯಾದ ದೀಪಗಳು ಹೊಸದರ ಐದನೇ ಒಂದು ಪಾಲು ಬೆಳಕನ್ನಷ್ಟೇ ಕೊಡುತ್ತಿದ್ದವು. ಅದನ್ನು ಉಜ್ಜಿಸಿ, ಪಾಲಿಷ್ ಮಾಡಿಸಿ, ಬಿಸಿಲು ತಡೆಯುವ ಲೇಪ ಹಾಕಿಸಿ. ಲೇಪ ಬಿಟ್ಟರೆ ಮತ್ತೆ ಬೇಗ ಹಳದಿಯಾಗುತ್ತದೆ.

ಆಮೇಲೆ ಗೋಡೆ. ನನಗೆ ಈ ವಿದ್ಯೆಯಲ್ಲೆಲ್ಲ ಪ್ರಿಯವಾದ ಭಾಗ ಇದು. ಸಮತಟ್ಟಾದ ಜಾಗದಲ್ಲಿ, ಟೈರಿನ ಗಾಳಿ ಸರಿ ಮಾಡಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಒಂದು ಗೆರೆ ಮೂಡುತ್ತದೆ: ಮೇಲೆ ಕತ್ತಲೆ, ಕೆಳಗೆ ಬೆಳಕು. ಅದು ದೀಪದ ನಡುಮಧ್ಯದ ಎತ್ತರಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು. ಬಲಭಾಗದಲ್ಲಿ ಗೆರೆ ಮಟ್ಟಸ; ಎಡಕ್ಕೆ ಹೋದಂತೆ ಮೆಲ್ಲಗೆ ಮೇಲೇರುತ್ತದೆ. ಎಡಬದಿ ಸಂಚಾರದ ನಮ್ಮ ದೇಶದಲ್ಲಿ ಹಾಗೆ ಏರುವುದು ಟಾರಿನ ಅಂಚಿನಲ್ಲಿ ನಡೆಯುವ ಆ ಹುಡುಗರಿಗಾಗಿಯೇ. ಬಲಕ್ಕೆ ಎದುರಿನ ಚಾಲಕನಿಗೆ ರಕ್ಷಣೆ, ಎಡಕ್ಕೆ ಪಾದಚಾರಿಗೆ ಬೆಳಕು. ನಿಮ್ಮ ಗೋಡೆಯಲ್ಲಿ ಈ ಗೆರೆ ಕಲಸಿಹೋಗಿದ್ದರೆ ಬಲ್ಬು ಸರಿಯಾಗಿ ಕೂತಿಲ್ಲ, ಇಲ್ಲವೇ ಬಲ್ಬೇ ಸರಿಯಿಲ್ಲ. ಎತ್ತರ ತಪ್ಪಿದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಕಾರಿನ ಹಿಂದೆ ಬಟ್ಟೆಯ ಬಂಡಲು ತುಂಬುವವರು ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ತಿರುಗುವ ಗುಂಡಿಯನ್ನು ನೆನಪಿಡಲಿ. ಹಿಂಬದಿ ಕುಸಿದರೆ ಮೂತಿ ಮೇಲೇಳುತ್ತದೆ, ಗೆರೆಯೂ ಜೊತೆಗೆ ಏಳುತ್ತದೆ.

ಮೂರನೆಯದು ವೋಲ್ಟೇಜು. ಬಲ್ಬಿನ ಬೆಳಕನ್ನು ಅಳೆಯುವುದು 13.2 ವೋಲ್ಟಿಗೆ, ಅಷ್ಟು ಸಿಕ್ಕರೆ ಎಚ್4 ಡಿಮ್ಮಿನಲ್ಲಿ ಸುಮಾರು 1000 ಲೂಮೆನ್ ಕೊಡುತ್ತದೆ. ಹಳೆಯ ಕಾರುಗಳಲ್ಲಿ ಉದ್ದದ ತೆಳು ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ದಾಟಿ ಬಲ್ಬಿಗೆ 12 ಮಾತ್ರ ತಲುಪಿದರೆ ಕಾಲು ಪಾಲಿಗಿಂತ ಹೆಚ್ಚು ಬೆಳಕು ದಾರಿಯಲ್ಲೇ ಹೋಯಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲೂ ಹೋಲ್ಡರಿನಲ್ಲೂ ಮೀಟರಿಟ್ಟು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ವ್ಯತ್ಯಾಸ ದೊಡ್ಡದಿದ್ದರೆ ರಿಲೇ ಹಾಕಿಸಿ: ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಪಿಂಗಾಣಿ ಹೋಲ್ಡರು. ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ ಉಳಿಯುತ್ತದೆ. ಅದೇ 60/55 ಬಲ್ಬು ಹೊಸದರಂತೆ ಉರಿಯುತ್ತದೆ. ಹೊಸ ಕಾರುಗಳಲ್ಲಿ ದೀಪವನ್ನು ಕಂಪ್ಯೂಟರ್ ನೋಡಿಕೊಳ್ಳುವುದರಿಂದ ಅಲ್ಲಿ ವೈರು ಕತ್ತರಿಸುವ ಕೆಲಸಕ್ಕೆ ಬಿಡಬೇಡಿ.

ಇಷ್ಟಾದ ಮೇಲೆ ಬಲ್ಬು. ಅದೇ ವ್ಯಾಟಿನಲ್ಲಿ ಹೆಚ್ಚು ಬೆಳಕಿನ ಹ್ಯಾಲೊಜೆನ್‌ಗಳಿವೆ, ಫಿಲಿಪ್ಸ್ ಎಕ್ಸ್‌ಟ್ರೀಮ್‌ವಿಷನ್, ಓಸ್ರಾಮ್ ನೈಟ್ ಬ್ರೇಕರ್ ಜಾತಿಯವು. ಡಬ್ಬಿಯ ಮೇಲಿನ 'ಶೇ 100 ಹೆಚ್ಚು' ಇಡೀ ರಸ್ತೆಗೆ ಹೇಳಿದ್ದಲ್ಲ; ನಿಯಮ ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿ, ಮುಂದಿನ ಒಂದು ಪಟ್ಟಿಗೆ ಹೇಳಿದ್ದು. ಆದರೂ ಆ ಪಟ್ಟಿಯೇ ನಮಗೆ ಬೇಕಾದದ್ದು. ಗಂಟೆಗೆ 80 ಕಿಲೋಮೀಟರಿನಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೇವೆ, ಬ್ರೇಕ್ ಹಾಕಿ ನಿಲ್ಲಲು ಎಲ್ಲ ಸೇರಿ ಎಪ್ಪತ್ತು ಮೀಟರ್ ಬೇಕು. ತಂತಿ ಹೆಚ್ಚು ಕಾಯುವುದರಿಂದ ಇವುಗಳ ಆಯುಸ್ಸು ಕಡಿಮೆ; ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ನೀಲಿ ಲೇಪದ ಗಾಜಿನವನ್ನು ಬಿಡಿ, ಲೇಪ ಬೆಳಕನ್ನೇ ನುಂಗುತ್ತದೆ.

ಫಾಗ್ ಲ್ಯಾಂಪಿನ ಪ್ರಶ್ನೆ ಇಲ್ಲಿನ ಕನ್ನಡಿಗರಿಗೆ ದಿಂಬಂ ಘಾಟಿಯ ಪ್ರಶ್ನೆ. ಚಾಮರಾಜನಗರಕ್ಕೆ, ಮೈಸೂರಿಗೆ ಹೋಗಲು ಬಣ್ಣಾರಿ ದಾಟಿ 27 ತಿರುವು ಏರಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಬಹಳ ಮಂದಿ ಬೆಳಗಿನ ಆರಕ್ಕೆ ಗೇಟು ತೆರೆಯುವುದನ್ನೇ ಕಾದು ಹೊರಡುತ್ತಾರೆ. ಚಳಿಗಾಲದಲ್ಲಿ ಮೇಲಿನ ತಿರುವುಗಳಲ್ಲಿ ಮಂಜು ಕೂತಿರುವುದೂ ಅದೇ ಹೊತ್ತಿಗೆ. ವಾಲ್ಪಾರೈಯ 40 ತಿರುವುಗಳಿಗೂ ಇದೇ ಮಾತು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿಸಿ ಬಿಳಿ ಪರದೆ ಕಟ್ಟುತ್ತವೆ. ಫಾಗ್ ಲ್ಯಾಂಪ್ ತಗ್ಗಿನಲ್ಲಿರುವುದು, ಅದರ ಬೆಳಕು ಅಗಲಕ್ಕೆ ಹರಡಿ ಮೇಲಕ್ಕೆ ಏಳದಿರುವುದು ಇದಕ್ಕೇ.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಹಳೆಯದು. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡವು. ಹಳದಿಯನ್ನೂ ಬಿಳಿಯನ್ನೂ ಒಂದೇ ಸಮ ಚದುರಿಸುತ್ತವೆ. ಫ್ರಾನ್ಸಿನಲ್ಲಿ 1936ರ ಆದೇಶದಿಂದ 1993ರವರೆಗೆ ಕಾರುಗಳಿಗೆ ಹಳದಿ ದೀಪ ಕಡ್ಡಾಯವಿತ್ತು, ಆಮೇಲೆ ಬಿಟ್ಟರು. ನೀಲಿ ಅಂಶ ಕಡಿಮೆ ಇರುವುದರಿಂದ ಹಳದಿ ಕಣ್ಣಿಗೆ ಹಿತ, ಅಷ್ಟು ನಿಜ. ಹಿತಕ್ಕಾಗಿ ಹಾಕಿಸಿ, ದೂರ ಕಾಣುತ್ತದೆಂದು ವೇಗ ಹೆಚ್ಚಿಸಬೇಡಿ.

ಫಾಗ್ ಲ್ಯಾಂಪಿನಲ್ಲಿ ವ್ಯಾಟಿನ ತಪ್ಪು ಹೆಡ್‌ಲೈಟಿಗಿಂತ ದುಬಾರಿ. ಎಚ್8 ಬಲ್ಬು 35 ವ್ಯಾಟ್, ಎಚ್11 55 ವ್ಯಾಟ್, ಎಚ್16 19 ವ್ಯಾಟ್ ಮಾತ್ರ. ನೋಡಲು ಅಣ್ಣತಮ್ಮಂದಿರು, ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಬುಡದ ಕಿವಿಗಳನ್ನು ಬೇರೆಬೇರೆ ಮಾಡಿದ್ದಾರೆ. ಆ ಕಿವಿಯನ್ನು ಅರದಿಂದ ಉಜ್ಜಿ ಕೂರಿಸುವವರಿದ್ದಾರೆ. 19 ವ್ಯಾಟಿಗೆ ಮಾಡಿದ ಪುಟ್ಟ ಪ್ಲಾಸ್ಟಿಕ್ ಗೂಡಿನಲ್ಲಿ 55 ಉರಿದರೆ ಮುಂದಿನ ಲೆನ್ಸೇ ಕರಗುತ್ತದೆ. ಹಳೆಯ ಬಲ್ಬನ್ನು ಬಿಚ್ಚಿ, ಬುಡದ ಮೇಲೆ ಅಚ್ಚಾದ ಸಂಖ್ಯೆ ಓದಿ, ಅದನ್ನೇ ಕೇಳಿ ತೆಗೆದುಕೊಳ್ಳಿ. ಎರಡೂ ಬದಿಯವನ್ನು ಒಟ್ಟಿಗೆ ಬದಲಿಸಿ. ಗಾಜಿಗೆ ಬೆರಳು ತಾಗಿದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಎಣ್ಣೆಜಿಡ್ಡು ಕೂತ ಕಡೆ ಗಾಜು ಅತಿಯಾಗಿ ಕಾಯುತ್ತದೆ. ಹಿಂದಿನ ರಬ್ಬರ್ ಟೊಪ್ಪಿಯನ್ನು ಪೂರ್ತಿ ಕೂರಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಒಳಗೆ ನೀರು. ಹೆಡ್‌ಲೈಟಿನ ಬಲ್ಬು ಬದಲಿಸಿದ್ದಾದರೆ ಕಾರನ್ನು ಮತ್ತೊಮ್ಮೆ ಗೋಡೆಯೆದುರು ನಿಲ್ಲಿಸಿ ಗೆರೆ ನೋಡಿಕೊಂಡೇ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಿ.