ಯಜಮಾನನ ಕೂಲಿ ಯಾವ ಪುಟದಲ್ಲಿದೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಡಿಕೆ ಬೆಳೆಗಾರನನ್ನು ‘ಎಂತ ಮಾಡ್ತಾ ಇದ್ದೆ?’ ಎಂದು ಕೇಳಿದರೆ, ‘ಮನೆಲೇ ಇದ್ದಿ’ ಎನ್ನುತ್ತಾನೆ. ವರ್ಷವಿಡೀ ತೋಟದಲ್ಲಿ ಬೆವರು ಸುರಿಸುವವನಿಗೂ ತಾನು ಮಾಡುವುದು ಕೆಲಸ ಎನ್ನಿಸುವುದಿಲ್ಲ. ಬೆಂಗಳೂರಿನಲ್ಲಿರುವ ತಮ್ಮನದು ಕೆಲಸ, ತನ್ನದು ಮನೆ. ಈ ಸೀಮೆಯ ಸ್ವಂತ ದುಡಿಮೆಯ ದೊಡ್ಡ ಬಲವೂ ದೊಡ್ಡ ಕೊರತೆಯೂ ಈ ಮನೋಭಾವದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಬಲವನ್ನು ಮೊದಲು ಹೇಳಬೇಕು. ಇಂದು ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಅಷ್ಟು ಕಾಲ ಗೊಬ್ಬರ, ಸೊಪ್ಪು, ನೀರು ಕೊಟ್ಟು ಕಾಯುವ ಮನಸ್ಸು ಸಂಬಳದಿಂದ ಹುಟ್ಟುವಂಥದ್ದಲ್ಲ. ಮೊಮ್ಮಗ ಕೊಯ್ಯುವ ಕೊನೆಗಾಗಿ ಅಜ್ಜ ಬಸಿಗಾಲುವೆ ತೋಡುತ್ತಾನೆ. ಯಾರ ಹತ್ತಿರವೂ ರಜೆ ಕೇಳಬೇಕಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಮಧ್ಯಾಹ್ನ ತೋಟಕ್ಕಿಳಿದರೂ ಕೇಳುವವರಿಲ್ಲ. ಈ ಸ್ವಾತಂತ್ರ್ಯದ ಸುಖ ನಿಜವಾದದ್ದು.

ಆದರೆ ಅದು ಒಂಟಿಯಾಗಿ ನಿಂತದ್ದಲ್ಲ. ಸೊಪ್ಪು ಬರುವುದು ಬೆಟ್ಟದಿಂದ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಇದೆ, ನೆಲ ಮಾತ್ರ ಸರ್ಕಾರದ್ದು. ಮಳೆಗಾಲದಲ್ಲಿ ಕೊಳೆರೋಗ ಬಂತೆಂದರೆ ಯಜಮಾನಿಕೆ ಮರ ಹತ್ತುವ ಕೊನೆಗಾರನ ಕೈಗೆ ಹೋಗುತ್ತದೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು: ಬೋರ್ಡೋ ದ್ರಾವಣ ಸಿದ್ಧ. ಮಳೆ ಹೊಳವಾದ ಒಂದು ಹೊತ್ತಿನಲ್ಲಿ, ಜಾರುವ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಮದ್ದು ಹೊಡೆಯಬಲ್ಲವರು ಊರಿಗೆ ಒಬ್ಬಿಬ್ಬರು. ಅವನು ಬರುವ ದಿನವನ್ನು ತೋಟದ ಒಡೆಯ ಕಾಯುತ್ತಾನೆ. ಕೊನೆಗಾರನೂ ಸ್ವಂತ ದುಡಿಮೆಯವನೇ, ತನ್ನ ದರ ಮತ್ತು ದಿನವನ್ನು ತಾನೇ ಹೇಳುವವನು. ತನ್ನ ಮೈಯ ಬೆಲೆ ಅವನಿಗೆ ಸ್ಪಷ್ಟವಾಗಿ ಗೊತ್ತು. ಕೆಳಗೆ ನಿಂತವನಿಗೆ ಆ ಸ್ಪಷ್ಟತೆ ಇಲ್ಲ.

ಸುಲಿತದ ದಿನಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಹಸಿ ಅಡಿಕೆ ಕೊಯ್ದ ಮೇಲೆ ತಡ ಮಾಡುವಂತಿಲ್ಲ. ಸಂಜೆಯಿಂದ ಸುಲಿಯುವವರು ಬಂದು ಕತ್ತಿಯ ಮುಂದೆ ಕೂರುತ್ತಾರೆ. ಅವರ ಅಳತೆ ಪಟ್ಟಿಯಲ್ಲಿ ಬರೆಯಲ್ಪಡುತ್ತದೆ, ಅಳತೆಯ ಮೇಲೆ ದುಡ್ಡು. ಅದೇ ಸಾಲಿನಲ್ಲಿ ಕೂತು ಸುಲಿದ ಅಮ್ಮನ ಅಳತೆಯನ್ನು ಯಾರೂ ಬರೆಯುವುದಿಲ್ಲ. ನಡುವೆ ಎದ್ದು ಎಲ್ಲರಿಗೂ ಚಾ ಕೊಟ್ಟು, ಹಂಡೆಯಲ್ಲಿ ಅಡಿಕೆ ಬೇಯುವ ಚೊಗರು ನೋಡಿ, ಬೆಳಿಗ್ಗೆ ಅಟ್ಟದ ಮೇಲೆ ಹರವುವವರೂ ಅವರೇ. ಮನೆಯ ಲೆಕ್ಕದ ಪುಸ್ತಕದಲ್ಲಿ ಗೊಬ್ಬರ, ಮದ್ದು, ಕೊನೆಗಾರ, ಸುಲಿತ ಎಲ್ಲಕ್ಕೂ ಸಾಲು ಇದೆ. ಮನೆಯವರ ಮೈಗೆ ಇಲ್ಲ.

ರಷ್ಯಾದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೊವ್ 1920ರ ದಶಕದಲ್ಲೇ ರೈತ ಕುಟುಂಬದ ಈ ಸ್ವಭಾವವನ್ನು ಗುರುತಿಸಿದ್ದ. ಕುಟುಂಬ ತನ್ನ ಕೂಲಿಯನ್ನು ಖರ್ಚಿಗೆ ಹಾಕುವುದಿಲ್ಲ. ಬೇಕಾದಷ್ಟು ಆಗುವವರೆಗೆ ದಣಿಯುತ್ತದೆ. ಭಾರತದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಬೆಂಬಲ ಬೆಲೆಯ ಬೆಳೆಗಳಿಗೆ ಮನೆಮಂದಿಯ ದುಡಿಮೆಯನ್ನೂ ಹಣದಲ್ಲಿ ಲೆಕ್ಕ ಹಿಡಿಯುತ್ತದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಲೆಕ್ಕ ಹಾಕಬೇಕಾದವರು ನಾವೇ.

ಇನ್ನು ಮಾರಾಟ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿತು. ಸಾಹುಕಾರ ಹೇಳಿದ್ದೇ ದರ ಎನ್ನುವ ಸ್ಥಿತಿಯಿಂದ ಬೆಳೆಗಾರನನ್ನು ಬಿಡಿಸಿದ ಈ ಸಹಕಾರವನ್ನು ನಾನು ತುಂಬು ಗೌರವದಿಂದ ನೋಡುತ್ತೇನೆ. ರಾಶಿ, ಬೆಟ್ಟೆ, ಚಾಲಿ, ಕೋಕ, ಗೋಟು ಎಂದು ಬೇರೆಯಾದ ಅಡಿಕೆಗೆ ವ್ಯಾಪಾರಿಗಳು ಟೆಂಡರ್ ಬರೆಯುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ‘ಕೊಡುವುದಿಲ್ಲ’ ಎನ್ನುವ ಹಕ್ಕು ಬೆಳೆಗಾರನಿಗಿದೆ. ಒಬ್ಬೊಬ್ಬರಿಗೂ ಇಷ್ಟು ಧೈರ್ಯ ಕೊಟ್ಟದ್ದು ಒಟ್ಟಾಗಿ ನಿಂತ ಸಂಘ.

ಆದರೆ ಸೊಸೈಟಿಯ ನೆರಳಿನಲ್ಲಿ ಒಂದು ಅಭ್ಯಾಸ ತಪ್ಪಿಹೋಯಿತು. ತನ್ನ ಅಡಿಕೆ ತಿನ್ನುವವನ ಮುಖವನ್ನು ಬೆಳೆಗಾರ ನೋಡಿಲ್ಲ. ದರವೆಂಬುದು ಅವನಿಗೆ ಮಳೆಯ ಹಾಗೆ ಮೇಲಿಂದ ಬರುವಂಥದ್ದು. 2014ರಲ್ಲಿ ಕೆಂಪಡಿಕೆ ಕ್ವಿಂಟಲ್‌ಗೆ 80 ಸಾವಿರ ರೂಪಾಯಿ ದಾಟಿ ಆಮೇಲೆ ಕುಸಿದಾಗ, ಇನ್ನೂ ಏರೀತೆಂದು ಇಟ್ಟುಕೊಂಡವರು ತಮ್ಮನ್ನೇ ಹಳಿದುಕೊಂಡರು. ಬೆಳೆಯುವ ಖರ್ಚು ಇಷ್ಟು, ನಮ್ಮ ಕೂಲಿ ಇಷ್ಟು, ಇದಕ್ಕಿಂತ ಮೇಲಾದರೆ ಕೊಡಬಹುದು ಎಂಬ ಗೆರೆ ಇಲ್ಲದವನಿಗೆ ಮಾರುವುದಕ್ಕೂ ಕಾಯುವುದಕ್ಕೂ ಆಸೆಯೊಂದೇ ಅಳತೆಗೋಲು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರದಿ ಪ್ರಕಟಿಸಿದಾಗಲೂ ಅನೇಕರಿಗೆ ಅದು ಬೆಳೆಯ ಮಾತಾಗದೆ ತಮ್ಮ ಮಾನದ ಮಾತಾಯಿತು. ಮನೆ, ಬೆಳೆ, ತಾನು ಮೂರೂ ಒಂದೇ ಆದಾಗ ಕಠಿಣ ಪ್ರಶ್ನೆಯನ್ನು ಶಾಂತವಾಗಿ ಕೇಳಿಸಿಕೊಳ್ಳುವುದು ಕಷ್ಟ.

ಇದೇ ಮನೆಗಳ ಹೆಂಗಸರು ಈಚೆಗೆ ಬೇರೆ ದಾರಿ ತುಳಿದಿದ್ದಾರೆ. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕದಡಿ, ಕವುಚಿ ಹಾಕಿದ ಕಾದ ಮಡಕೆಯ ಮೇಲೆ ಬಟ್ಟೆಯಿಂದ ಎಳೆದು, ಕಾಗದದಷ್ಟು ತೆಳುವಾದ ತೊಡದೇವನ್ನು ಹರಿಯದಂತೆ ಎಬ್ಬಿಸಿ ಮಾರುವಾಕೆ ಕೊಳ್ಳುವವನ ಮುಂದೆ ನಿಲ್ಲಬೇಕು. ‘ಇಷ್ಟು ತುಟ್ಟಿಯಾ ಅಕ್ಕಾ?’ ಎಂಬ ಮಾತಿಗೆ ಉತ್ತರ ಕೊಡಬೇಕು. ಮೊದಲ ಸಲ ಸಂಕೋಚದಿಂದ ದರ ಇಳಿಸುತ್ತಾಳೆ, ಮುಂದಿನ ಸಲ ಇಳಿಸುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡುವವರೂ ಹೀಗೆಯೇ ಕಲಿಯುತ್ತಿದ್ದಾರೆ. ಆದಾಯ ತೋಟದ ಮುಂದೆ ಚಿಕ್ಕದು. ಆದರೂ ತನ್ನ ಹೊತ್ತಿಗೆ ಬೆಲೆ ಕಟ್ಟುವ ವಿದ್ಯೆಯಲ್ಲಿ ಆಕೆ ಗಂಡನಿಗಿಂತ ಮುಂದಿದ್ದಾಳೆ.

2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಈ ಮೂರು ತಾಲೂಕುಗಳ ರುಚಿಗೆ ಕಾನೂನಿನ ಹೆಸರು ಬಂತು. ಹೆಸರಿನ ಜೊತೆ ಲೆಕ್ಕವೂ ಬರಬೇಕು. ನಮ್ಮ ಸೊಸೈಟಿಗಳು ಸದಸ್ಯರಿಗೆ ವರ್ಷಕ್ಕೊಂದು ಖರ್ಚಿನ ಪಟ್ಟಿಯ ನಮೂನೆ ಕೊಡಲಿ. ಅದರಲ್ಲಿ ಗಂಡನ ದಿನಗಳಿಗೆ ಒಂದು ಕಲಂ, ಹೆಂಡತಿಯ ದಿನಗಳಿಗೆ ಬೇರೆಯದೇ ಒಂದು ಕಲಂ ಇರಲಿ. ಆ ಎರಡೂ ತುಂಬಿದ ಮೇಲೆ ಎಕರೆ ತೋಟ ಲಾಭವೋ ನಷ್ಟವೋ ಎಂದು ಮನೆಯವರೆಲ್ಲ ಕೂತು ನೋಡಲಿ. ಊರಿಗೆ ಮರಳಬೇಕೆಂದಿರುವ ಮಗನಿಗೆ ಅಪ್ಪ ಮೊದಲು ತೋರಿಸಬೇಕಾದದ್ದು ಆ ಹಾಳೆಯನ್ನು.